ಎಲ್ಲ ತಪ್ಪೂ ಗಾಳಿಯದೇ

ಹರಳೆಣ್ಣೆ ಬಿಸಿ ಮಾಡಲು ದೊಡ್ಡ ಬುದ್ಧಿವಂತಿಕೆಯೇನೂ ಬೇಕಾಗಿಲ್ಲ. ಹಾಗೆಂದೇ ನನ್ನ ಹೆಂಡತಿ ಸುಮತಿ ಈ ಬೆಳಿಗ್ಗೆ ಆ ಕೆಲಸವನ್ನು ನನಗೆ ವಹಿಸಿದಳು. ಅವಳಿಗೆ ಮಂಡಿನೋವು. ಎಕ್ಕದ ಎಲೆಗೆ ಬೆಚ್ಚಗಿನ ಹರಳೆಣ್ಣೆ ಸವರಿ ಕಟ್ಟಿಕೊಂಡರೆ ಎರಡು ದಿನ ಸುಖವಾಗಿ ಮೆಟ್ಟಿಲು ಹತ್ತಿ ಇಳಿಯಬಹುದು ಎಂಬುದು ಅವಳ ಅನುಭವ. ತವರಿನಿಂದ ತಂದ ಕಬ್ಬಿಣದ ಒಗ್ಗರಣೆ ಸೌಟಿಗೆ ಎಣ್ಣೆ ಸುರಿದು, ಒಲೆಯನ್ನು ಸಣ್ಣಗೆ ಉರಿಸಿ, ಸೌಟಿನ ಹಿಡಿಯನ್ನು ನನ್ನ ಕೈಗೆ ಕೊಟ್ಟಳು.

“ಹ್ವಾಯ್, ನಾನ್ ಎಲಿ ಕೊಯ್ಕಂಡ್ ಬತ್ತೆ. ಬೆಚ್ಚಗಾದ್ ಕೂಡ್ಲೆ ಒಲಿ ಆರ್ಸಿ. ಹೊಗಿ ಬಪ್ಪುಕ್ ಬಿಡ್ಬೇಡಿ. ಬಾಟ್ಲಿಲಿ ಇದ್ದದ್ ಇಷ್ಟೇ,” ಎಂದು ಮೂರು ಸಲ ಹೇಳಿ ಹಿತ್ತಲಿಗೆ ಹೋದಳು.

ಹೊಗೆ ಬಂತು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಒಂದು ಕಾಗೆ ಬಟ್ಟೆ ಒಣಗಿಸುವ ತಂತಿಯ ಮೇಲೆ ಇಳಿಯಲು ಹೊರಟಿತ್ತು. ತಂತಿ ತೂಗುತ್ತಿತ್ತು. ಕಾಗೆ ಹತ್ತಿರ ಬಂತು, ಸರಿ ಕಾಣಲಿಲ್ಲವೋ ಏನೋ, ರೆಕ್ಕೆ ಬಡಿದು ಮೇಲೆದ್ದು ಒಂದು ಸುತ್ತು ಹೊಡೆದು ಮತ್ತೆ ಬಂತು. ಎರಡನೆಯ ಸಲ ಕೂತಿತು. ಏನು ಅಚ್ಚುಕಟ್ಟು ಎಂದು ಮೆಚ್ಚಿಕೊಳ್ಳುವಷ್ಟರಲ್ಲಿ ಮೂಗಿಗೆ ಸುಟ್ಟ ಹರಳೆಣ್ಣೆಯ ವಾಸನೆ ಹೊಡೆಯಿತು. ಬುದ್ಧಿ ಇದ್ದವನು ಒಲೆ ಆರಿಸುತ್ತಿದ್ದ. ನಾನು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ.

ಆ ವಾಸನೆ ನಿಮಗೆ ಯಾರನ್ನು ನೆನಪಿಸುತ್ತದೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿದವರಿದ್ದರೆ ಅವರ ಮುಖ ನೆನಪಾಗಬಹುದು. ನನಗೆ ವಿಮಾನ ನೆನಪಾಗುತ್ತದೆ. ನಗಬೇಡಿ. ನಿಂಬೆಹಣ್ಣಿನ ಗಾತ್ರದ ವಿಮಾನದ ಇಂಜಿನ್ ಒಂದಿತ್ತು ನನ್ನ ಹತ್ತಿರ. ಸ್ಪಿರಿಟಿಗೆ ಹರಳೆಣ್ಣೆ ಬೆರೆಸಿ ಕುಡಿಸಿದರೆ ಅದು ಕೆರಳಿದ ಕಣಜದ ಹಾಗೆ ಕಿರುಚಿ, ಅರ್ಧ ಸುಟ್ಟ ಎಣ್ಣೆಯನ್ನು ನನ್ನ ಅಂಗಿಯ ಮೇಲೆ ಉಗುಳುತ್ತಿತ್ತು. ಹತ್ತು ಹನ್ನೆರಡು ವರ್ಷ ನಾನು ಕುಂದಾಪುರದ ಪೇಟೆಯಲ್ಲಿ ಆ ವಾಸನೆಯನ್ನು ಹೊತ್ತು ತಿರುಗಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರು ನನಗೆ ಹೊಟ್ಟೆ ಸರಿಯಿಲ್ಲ ಎಂದುಕೊಂಡು ಸರಿದು ಕೂರುತ್ತಿದ್ದರು.

ನನ್ನ ಕಸುಬು ಟಿ.ವಿ. ರಿಪೇರಿ. ಹುಟ್ಟಿದ್ದು ಸಾಲಿಗ್ರಾಮದ ಹತ್ತಿರ, ಅಂಗಡಿ ಇಟ್ಟದ್ದು ಕುಂದಾಪುರದಲ್ಲಿ. ಹಿಂದೆ ರೇಡಿಯೋ ಬಿಚ್ಚುತ್ತಿದ್ದೆನಾದ್ದರಿಂದ ಹಳೆಯ ಗಿರಾಕಿಗಳಿಗೆ ನಾನು ಕೊನೆಯವರೆಗೂ ‘ರೇಡಿಯೋದವ್ರು’. ತೊಂಬತ್ತೇಳರ ಮಳೆಗಾಲಕ್ಕೆ ಮೊದಲು, ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ನನ್ನ ಭಾವ ಊರಿಗೆ ಬರುವಾಗ ಉದ್ದನೆಯ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ಒಳಗೆ ಊದಿದರೆ ಹಾರುವಷ್ಟು ಹಗುರಾದ ಮರದ ಪಟ್ಟಿಗಳು, ಆ ಇಂಜಿನ್, ಎರಡು ಕಡ್ಡಿಗಳಿದ್ದ ರಿಮೋಟು. “ಅರೆ, ಇದ್ ಮಕ್ಳ್ ಆಡುದಲ್ಲ ಮಾರಾಯಾ. ಅಸ್ಲಿ ಇಮಾನ. ನೀನ್ ರಿಪೇರಿಯವ ಅಲ್ದಾ, ನಿಂಗ್ ಆತ್ತ್,” ಎಂದ. ಹೊಗಳಿಕೆ ಕೇಳಿ ಕೆಟ್ಟವರ ಪಟ್ಟಿ ಮಾಡಿದರೆ ನನ್ನ ಹೆಸರು ಮೊದಲ ಪುಟದಲ್ಲೇ ಇರುತ್ತದೆ. ಆ ಮಳೆಗಾಲವಿಡೀ ಗಿರಾಕಿಗಳ ಟಿ.ವಿ.ಗಳು ಬಾಯಿ ಮುಚ್ಚಿ ಕೂತಿದ್ದವು, ನಾನು ರೆಕ್ಕೆ ಅಂಟಿಸುತ್ತ ಕೂತಿದ್ದೆ.

ವಿಮಾನ ಹಾರಿಸುವುದು ಕಷ್ಟ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಇಂಜಿನ್ ಜೋರು ಮಾಡಿ ಬಿಟ್ಟರೆ ಅದು ತಾನಾಗಿಯೇ ಹಾರುತ್ತದೆ, ನಾವು ಅಡ್ಡ ಬರದಿದ್ದರೆ ಸಾಕು. ಇಳಿಸುವುದು ಬೇರೆಯೇ ಕಥೆ. ಮೇಲೆ ಇದ್ದಷ್ಟು ಹೊತ್ತು ವಿಮಾನ ನಿಮ್ಮದು. ಇಳಿಸಲೆಂದು ವೇಗ ತಗ್ಗಿಸಿದಿರೋ, ಅದು ಗಾಳಿಯ ಸೊತ್ತು. ಸಾಲದ್ದಕ್ಕೆ ವಿಮಾನ ನಮ್ಮಿಂದ ದೂರ ಹೋಗುವಾಗ ಬಲ ಬಲವೇ, ಎಡ ಎಡವೇ. ನಮ್ಮ ಕಡೆಗೆ ಮೂಗು ಮಾಡಿ ಬರುವಾಗ ಎರಡೂ ಅದಲುಬದಲು. ಊಟ ಮಾಡುವ ಕೈ ಯಾವುದು ಎಂದು ಒಂದು ಕ್ಷಣ ಯೋಚಿಸುವ ನನ್ನಂಥವನಿಗೆ ಇದು ದೊಡ್ಡ ಸಂಕಟ.

ಮೊದಲ ಸಲ ಹಾರಿಸಿದ್ದು ಸಿದ್ದಾಪುರಕ್ಕೆ ಹೋಗುವ ರಸ್ತೆಯ ಪಕ್ಕ, ಕೊಯ್ಲಾದ ಗದ್ದೆಯಲ್ಲಿ. ಚೆನ್ನಾಗಿಯೇ ಹಾರಿತು. ಇಳಿಸುವಾಗ ನಾನು ಬಲಕ್ಕೆ ಅಂದೆ, ಅದು ಎಡಕ್ಕೆ ಹೋಯಿತು. ರಸ್ತೆಯಲ್ಲಿ ಬರುತ್ತಿದ್ದ ಬಸ್ಸಿನ ಮಾಡಿನ ಮೇಲೆ, ಹಿಂಡಿ ಚೀಲಗಳ ನಡುವೆ, ಹಾಸಿಗೆ ಹಾಸಿಕೊಟ್ಟ ಹಾಗೆ ಕೂತಿತು. ಬಸ್ಸು ನಿಲ್ಲಲಿಲ್ಲ. ನಾನು ರಿಮೋಟು ಹಿಡಿದು ಗದ್ದೆಯ ಬದುವಿನ ಮೇಲೆ ಓಡಿದೆ, ಬಸ್ಸನ್ನೂ ರಿಮೋಟಿನಲ್ಲಿ ನಿಲ್ಲಿಸಬಹುದು ಎಂಬಂತೆ ಕಡ್ಡಿ ಎಳೆಯುತ್ತ. ಮರುದಿನ ಅದೇ ಕಂಡಕ್ಟರು ವಿಮಾನವನ್ನು ಅಂಗಡಿಗೇ ತಂದುಕೊಟ್ಟ. “ಸಿದ್ದಾಪುರಕ್ಕ್ ಹೋಯಿ ಬಂತ್ ಕಾಣಿ ನಿಮ್ ಇಮಾನ. ಲಗೇಜ್ ಟಿಕೇಟ್ ಆತ್ತ್,” ಎಂದು ನಿಜವಾಗಿಯೂ ಟಿಕೇಟು ಹರಿದ. ಏನಾಯಿತು ಎಂದು ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಗಾಳಿ.

ಅಂದು ಗಾಳಿಯೇ ಇರಲಿಲ್ಲ. ಗದ್ದೆಯ ಬದಿಯ ತೆಂಗಿನ ಗರಿಯೊಂದೂ ಅಲ್ಲಾಡಿರಲಿಲ್ಲ. ಆದರೆ ಗಾಳಿಯ ಮೇಲೆ ತಪ್ಪು ಹೊರಿಸುವುದರಲ್ಲಿ ಒಂದು ಅನುಕೂಲವಿದೆ, ಅದು ಎದುರು ಮಾತಾಡುವುದಿಲ್ಲ.

ಎರಡನೆಯ ಸಲ ಸಾಲಿಗ್ರಾಮದಲ್ಲಿ, ಚಿಕ್ಕಮ್ಮ ಅಂಗಳದಲ್ಲಿ ಒಣಹಾಕಿದ್ದ ಹಲಸಿನ ಹಪ್ಪಳದ ಚಾಪೆಯ ಮೇಲೆ. “ಇಡೀ ಊರಲ್ಲ್ ನಿನ್ ಇಮಾನಕ್ಕ್ ನನ್ ಹಪ್ಳವೇ ಸಿಕ್ಕಿತಾ?” ಎಂದು ಅವರು ಕೇಳಿದ ದನಿ ಈಗಲೂ ಕಿವಿಯಲ್ಲಿದೆ. ಅದೂ ಗಾಳಿ. ಮೂರನೆಯದು ಬಾವಿಗೆ. ಅದೂ ಗಾಳಿ. ಹೀಗೆ ಮುರಿದದ್ದನ್ನು ಅಂಟಿಸುವುದು, ಹಾರಿಸುವುದು, ಮತ್ತೆ ಮುರಿಯುವುದು. ಹನ್ನೊಂದು ಸಲ ಹಾರಿದ್ದು ಹನ್ನೊಂದು ಸಲವೂ ಬಿತ್ತು. ಸುಮತಿ ಮೊದಮೊದಲು ಕನಿಕರ ತೋರಿಸಿದಳು. ಆಮೇಲೆ ನಾನು ಮುರಿದ ರೆಕ್ಕೆ ಕಂಕುಳಲ್ಲಿಟ್ಟು ಗೇಟು ತೆರೆಯುತ್ತಿದ್ದಂತೆಯೇ, “ಕುಣುಕ್ ಬರ್ದಿದ್ದವ್ಳ್ ನೆಲ ಡೊಂಕ್ ಅಂದ್ಳಂಬ್ರ್,” ಎಂದು ತುಳಸಿಕಟ್ಟೆಗೆ ಹೇಳುವವಳಂತೆ ಹೇಳಿ ಒಳಗೆ ಹೋಗುತ್ತಿದ್ದಳು.

ಗದ್ದೆ, ಅಂಗಳ, ಬಾವಿ ಎಲ್ಲ ಮುಗಿದ ಮೇಲೆ ಉಳಿದದ್ದು ಕಡಲು. ಕುಂದಾಪುರದ ಕೋಡಿ ನಿಮಗೆ ಗೊತ್ತಿರಬಹುದು. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ಸಪೂರ ನೆಲ. ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ನೀರು ಇಳಿದಾಗ ಒದ್ದೆ ಮರಳು ಸಿಮೆಂಟು ಹಾಕಿದ ಹಾಗೆ ಗಟ್ಟಿ. ಅದಕ್ಕಿಂತ ಒಳ್ಳೆಯ ರನ್‌ವೇ ಯಾರು ಕೊಡುತ್ತಾರೆ? ಒಂದೇ ತೊಂದರೆ, ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಅಡ್ಡಕ್ಕೆ ಹೊಡೆಯುತ್ತದೆ. ಬದಿಯಲ್ಲಿ ಸಾಲಾಗಿ ಗಾಳಿಮರಗಳು, ಘಟ್ಟದ ಮೇಲಿನವರ ಸರ್ವೆ ಮರ. ಅಡ್ಡಗಾಳಿಗೆ ಸಿಕ್ಕಿದ ವಿಮಾನ ಸೀದಾ ಆ ಮರಗಳಿಗೆ. ನಿಜವಾದ ಗಾಳಿ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ಹೆರಿಯಣ್ಣನನ್ನು ನಾನು ಸರಿಯಾಗಿ ಪರಿಚಯ ಮಾಡಿಕೊಂಡದ್ದು ಅಲ್ಲಿಯೇ. ಅವರ ಮನೆಯ ಟಿ.ವಿ. ಎರಡು ಸಲ ರಿಪೇರಿ ಮಾಡಿದ್ದೆ, ಅಷ್ಟೇ. ನಲವತ್ತು ವರ್ಷ ಕಡಲಿಗೆ ಹೋದವರು. ಅಕ್ಕನ ಮಗ ಚಂದ್ರನ ದೋಣಿಗೆ ಅವರು ತಾಂಡೇಲ. ಎಂದರೆ ದೋಣಿ ಯಾರದಾದರೂ ಇರಲಿ, ಚುಕ್ಕಾಣಿ ಹಿಡಿದು ಎಲ್ಲರ ಜೀವ ಹೊತ್ತು ಹೋಗಿ ಬರುವವರು. ಬಲೆಯ ಹರಕು ಹೊಲಿಯುತ್ತ ಕೂತು, ಅವರು ನನ್ನ ಹನ್ನೆರಡನೆಯ ಪತನವನ್ನು ಪೂರ್ತಿಯಾಗಿ ನೋಡಿದರು. ವಿಮಾನ ಗಾಳಿಮರಕ್ಕೆ ಸಿಕ್ಕಿ ನೇತಾಡುತ್ತಿತ್ತು. ನಾನು, “ಎಂತ ಗಾಳಿ ಮಾರಾಯ್ರೆ!” ಎಂದೆ.

“ಗಾಳಿ ಇಲ್ದಿರ್ ಕಡ್ಲ್ ಎಲ್ಲಿತ್ತ್ ರೇಡಿಯೋದವ್ರೆ?” ಎಂದರು ಹೆರಿಯಣ್ಣ, ಸೂಜಿಯಿಂದ ಕಣ್ಣೆತ್ತದೆ. “ಹೋಪ್ದ್ ದೊಡ್ಡದಲ್ಲ, ಬಪ್ದ್ ದೊಡ್ಡದ್. ನಿಮ್ ಇಮಾನಕ್ಕೂ ಹಾಂಗೇ, ನಮ್ ದೋಣಿಗೂ ಹಾಂಗೇ.”

ಆಮೇಲೆ ಅವರು ಹೇಳಿದ್ದನ್ನು ನಾನು ಅಂದು ಅರ್ಧ ಕಿವಿಯಲ್ಲಿ ಕೇಳಿದೆ. ದೋಣಿ ಕಡಲಿಗೆ ಹೋಗುವಾಗ ಅಳಿವೆ ದಾಟುವುದು ಸುಲಭ, ಅಲೆಗೆ ಎದೆ ಕೊಟ್ಟು ಹೋಗುತ್ತದೆ. ಮರಳಿ ಬರುವಾಗ ಅಲೆ ಹಿಂದಿನಿಂದ ಬರುತ್ತದೆ, ನೀರಿನಡಿಯಲ್ಲಿ ಮರಳ ದಿಬ್ಬ ಕಾದಿರುತ್ತದೆ. ದಿಬ್ಬದ ನಡುವಿನ ದಾರಿ ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷವೂ ಒಂದಿಷ್ಟು ಸರಿಯುತ್ತದೆ. ಆದ್ದರಿಂದ ತಾಂಡೇಲನಾದವನು ಅಳಿವೆಯ ಹೊರಗೆ ದೋಣಿ ನಿಲ್ಲಿಸಿ ಅಲೆ ಎಣಿಸುತ್ತಾನೆ. ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಕಡಲು ಉಸಿರು ತೆಗೆದುಕೊಳ್ಳುತ್ತದೆ. ಆಗ ನುಗ್ಗಬೇಕು. ಒಂದಿಷ್ಟು ಅನುಮಾನ ಬಂದರೂ ಮೂತಿ ತಿರುಗಿಸಿ ಮತ್ತೆ ಕಡಲಿಗೇ ಹೋಗಬೇಕು. ದಡದಲ್ಲಿ ಹೆಂಡತಿ ಮಕ್ಕಳು ಕಾಯುತ್ತಿರಲಿ, ಮೀನಿನ ಲಾರಿ ಹಾರನ್ನು ಹೊಡೆಯುತ್ತಿರಲಿ, ಹೋಗಬೇಕು. “ತಿರ್ಗ್ಸಿದವ ಹೆದ್ರಿದವ ಅಲ್ಲ. ತಿರ್ಗ್ಸುಕ್ ನಾಚ್ಕಿ ಆದವ್ನೇ ಮುಳ್ಗುದ್,” ಎಂದರು.

ನಾನು ವಿಮಾನವನ್ನು ಮರದಿಂದ ಇಳಿಸಿಕೊಡುವವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡುತ್ತಿದ್ದೆ.

ಇದಾಗಿ ಕೆಲವು ವರ್ಷಗಳ ನಂತರದ ಮಾತು. ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದಿದ್ದವು. ನವರಾತ್ರಿ ಹತ್ತಿರ. ಹೆರಿಯಣ್ಣನ ದೋಣಿ ನೀರು ಇಳಿದ ಹೊತ್ತಿನಲ್ಲಿ ಅಳಿವೆ ದಾಟುವಾಗ ದಿಬ್ಬಕ್ಕೆ ಹೊಡೆದು ಮಗುಚಿತು. ದೇವರ ದಯೆ, ಎಲ್ಲರೂ ಈಜಿ ದಡ ಸೇರಿದರು. ಬಲೆ ಹೋಯಿತು. ಚಂದ್ರನ ಕೈ ಮುರಿಯಿತು. ಅವನು ಮಾವನನ್ನು ಒಂದು ಮಾತೂ ಆಡಲಿಲ್ಲ. ಆದರೆ ಊರು ಸುಮ್ಮನಿರುತ್ತದೆಯೇ? ಮುದುಕನಿಗೆ ಕಣ್ಣು ಕಾಣುವುದಿಲ್ಲ, ಇನ್ನು ಚುಕ್ಕಾಣಿ ಬಿಡಲಿ ಎಂದರು. ಹೆರಿಯಣ್ಣ ಒಂದೇ ಹಟ ಹಿಡಿದರು: ಈ ವರ್ಷ ಮರಳು ಅಡ್ಡಕ್ಕೆ ಪೂರಾ ಕಟ್ಟಿದೆ, ಇಳಿತದಲ್ಲಿ ದಾರಿಯೇ ಇಲ್ಲ, ಯಾವ ತಾಂಡೇಲನಾದರೂ ಮಗುಚುತ್ತಿದ್ದ. ಹೌದೋ ಅಲ್ಲವೋ ನೋಡುವುದು ಹೇಗೆ? ದಡದಿಂದ ನೋಡಿದರೆ ಬಿಳಿ ನೊರೆಯ ಗೆರೆ ಮಾತ್ರ ಕಾಣುತ್ತದೆ. ಆ ದಿನದ ಮೇಲೆ ಇಳಿತದಲ್ಲಿ ದೋಣಿ ತರುವ ಧೈರ್ಯ ಯಾರಿಗೂ ಇರಲಿಲ್ಲ, ಎಲ್ಲರೂ ನೀರು ಏರುವವರೆಗೆ ಹೊರಗೇ ಕಾಯುತ್ತಿದ್ದರು. ಸೋಮವಾರ ದೋಣಿ ಮತ್ತೆ ಇಳಿಯಬೇಕು, ಅಷ್ಟರೊಳಗೆ ತಾಂಡೇಲ ಯಾರು ಎಂದು ಚಂದ್ರ ಹೇಳಬೇಕಿತ್ತು.

ಶನಿವಾರ ಹೆರಿಯಣ್ಣ ನನ್ನ ಅಂಗಡಿಗೆ ಬಂದರು. ಕೂರಲಿಲ್ಲ. “ರೇಡಿಯೋದವ್ರೆ, ನಿಮ್ ಇಮಾನಕ್ಕ್ ಕೆಮರಾ ಕಟ್ಟುಕಾತ್ತ್ ಅಂದಿದ್ರಿ ಅಲ್ದಾ. ಮೇಲಿಂದ ಅಳ್ವಿ ಕಾಂಬುಕಾತ್ತಾ?”

ಅಂದಿದ್ದೆ, ಹೌದು. ಭಾವ ಆ ವರ್ಷ ಅಂಗೈಯಲ್ಲಿ ಹಿಡಿಯುವ ಒಂದು ಕ್ಯಾಮೆರಾ ತಂದುಕೊಟ್ಟಿದ್ದ, ವಿಡಿಯೋ ಕೂಡ ತೆಗೆಯುವಂಥದ್ದು. ಅದನ್ನು ವಿಮಾನದ ಹೊಟ್ಟೆಗೆ ಕಟ್ಟಿ ಇಡೀ ಕುಂದಾಪುರವನ್ನು ಮೇಲಿನಿಂದ ತೋರಿಸುತ್ತೇನೆ ಎಂದು ಚಹದ ಅಂಗಡಿಯಲ್ಲಿ ಕೊಚ್ಚಿಕೊಂಡಿದ್ದೆ. ತೋರಿಸಬೇಕಾದರೆ ವಿಮಾನ ಇಡಿಯಾಗಿ ಇಳಿಯಬೇಕು, ಚಿತ್ರ ಇರುವುದು ಕ್ಯಾಮೆರಾದೊಳಗೆ, ನೀರಿಗೆ ಬಿದ್ದರೆ ಎಲ್ಲ ಮುಗಿಯಿತು ಎಂಬ ಸಣ್ಣ ವಿಷಯವನ್ನು ಮಾತ್ರ ಹೇಳಿರಲಿಲ್ಲ. ಈಗ ಹೇಳಲು ಬಾಯಿ ತೆರೆದೆ. ಹೆರಿಯಣ್ಣನ ಮುಖ ನೋಡಿದೆ. ನಲವತ್ತು ವರ್ಷ ಜನರನ್ನು ಒಳಗೆ ತಂದವರು ನನ್ನಂಥ ನಲವತ್ತು ಚೂರಿನ ವಿಮಾನದವನ ಹತ್ತಿರ ಬಂದು ನಿಂತಿದ್ದರು. “ಆತ್ತ್ ಹೆರಿಯಣ್ಣ,” ಎಂದೆ.

ಭಾನುವಾರ ಇಳಿತ ಮಧ್ಯಾಹ್ನದ ಮೇಲೆ ಇತ್ತು. ಗಾಳಿಯೂ ಅದೇ ಹೊತ್ತಿಗೆ. ಬೆಳಗಿನ ಇಳಿತ ಕತ್ತಲಲ್ಲೇ ಕಳೆದಿತ್ತು, ಬೇರೆ ದಾರಿ ಇರಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಕ್ಯಾಮೆರಾ ಕಟ್ಟಿದೆ. ಕೋಡಿಯ ತುದಿಯಲ್ಲಿ ಹತ್ತಿಪ್ಪತ್ತು ಮಂದಿ ಸೇರಿದ್ದರು. ಚಂದ್ರ ಮುರಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದು ಸ್ವಲ್ಪ ದೂರದಲ್ಲಿ ನಿಂತ. ಗಾಳಿಮರಗಳ ಮುಂದೆ ಬಲೆಗಳು ಒಣಗುತ್ತಿದ್ದವು. ಹೆರಿಯಣ್ಣ ನನ್ನ ಪಕ್ಕದಲ್ಲೇ ನಿಂತರು. ಇಂಜಿನ್ ಕಿರುಚಿತು, ಹರಳೆಣ್ಣೆಯ ಹೊಗೆ ಬಂತು, ವಿಮಾನ ಎದ್ದಿತು.

ಮೇಲೆ ಎಲ್ಲ ಸರಿಯೇ. ಅಳಿವೆಯ ಮೇಲೆ ಒಂದು ಸಲ ಹೋಗಿ ಬಂತು. ಅಷ್ಟು ಎತ್ತರದಲ್ಲಿ ಕಾಗೆಯಷ್ಟು ಕಾಣುತ್ತಿತ್ತು. ಅಲ್ಲಾಡುತ್ತಿತ್ತು. ಚಿತ್ರ ಸಿಕ್ಕಿರಬಹುದು, ಇನ್ನು ಇಳಿಸಿ ಮಾನ ಉಳಿಸಿಕೊಳ್ಳುವ ಎಂದು ಮರಳಿನ ನೇರಕ್ಕೆ ತಂದೆ. ನಾನು ವಿಮಾನ ನೋಡುತ್ತಿದ್ದೆ. ಹೆರಿಯಣ್ಣ ವಿಮಾನವನ್ನು ನೋಡುತ್ತಲೇ ಇರಲಿಲ್ಲ, ಕಡಲನ್ನು ನೋಡುತ್ತಿದ್ದರು.

“ಅಲ್ಕಾಣಿ, ನೀರ್ ಕಪ್ಪಾಯ್ತ್. ಗಾಳಿ ಬತ್ತಿತ್ತ್. ತಿರ್ಗ್ಸಿ.”

“ಇಳಿತಿತ್ತ್ ಹೆರಿಯಣ್ಣ, ಈಗ ಇಳಿತಿತ್ತ್…”

“ಇಮಾನ ನಿಮ್ದ್, ಗಾಳಿ ನಿಮ್ದಲ್ಲ. ತಿರ್ಗ್ಸಿ ಅಂದೆ!”

ನನ್ನ ಜೀವಮಾನದಲ್ಲಿ ನಾನು ಇಳಿಯುವ ವಿಮಾನವನ್ನು ತಿರುಗಿಸಿದವನಲ್ಲ. ನೋಡುವವರಿದ್ದಾರೆ, ನಾಚಿಕೆ. ಆದರೆ ಆ ದನಿಗೆ ಕೈ ತಾನಾಗಿ ಇಂಜಿನ್ ಜೋರು ಮಾಡಿತು. ವಿಮಾನ ಮೇಲೆದ್ದದ್ದೇ ತಡ, ದೂರದಲ್ಲಿ ನೀರನ್ನು ಕಪ್ಪಾಗಿಸಿದ್ದ ಗಾಳಿ ನಮ್ಮ ಮೇಲೆ ಬಂದು ಚಂದ್ರನ ಮುಂಡಾಸನ್ನು ಹಾರಿಸಿಕೊಂಡು ಹೋಯಿತು. ವಿಮಾನ ಕಡಲಿನ ಕಡೆ ವಾಲಿ, ಅಳಿವೆಯ ಮೇಲೆ ದೊಡ್ಡದೊಂದು ಸುತ್ತು ಹೊಡೆದು ಮತ್ತೆ ಬಂತು. ಎರಡನೆಯ ಸಲವೂ ಹೆರಿಯಣ್ಣ, “ಸಮಾ ಆಯ್ಲಿಲ್ಲ, ತಿರ್ಗ್ಸಿ,” ಎಂದರು. ತಿರುಗಿಸಿದೆ. ಈಗ ಇಂಜಿನ್ ಕೆಮ್ಮತೊಡಗಿತು. ಟ್ಯಾಂಕು ಖಾಲಿ. ಇನ್ನೊಂದು ಸುತ್ತಿಲ್ಲ.

“ಎಣ್ಣಿ ಮುಗೀತ್ ಹೆರಿಯಣ್ಣ!”

“ಅಕ್ಕ್. ಹೆದ್ರ್ಬೇಡಿ. ಒಂದ್… ಎರಡ್… ಈಗ ಬಪ್ಪ. ಮೂಗ್ ಕಡ್ಲಿನ್ ಬದಿಗ್ ಹಿಡೀನಿ. ಸೀದಾ ಬರ್ಕಾರೆ ಓರಿ ಮಾಡಿ ಹಿಡೀಕ್.”

ಇಂಜಿನ್ ನಿಂತಿತು. ಏಡಿಯ ಹಾಗೆ ಓರೆಯಾಗಿ, ಮೂಗು ಕಡಲಿಗೆ ಮಾಡಿಕೊಂಡು, ಸದ್ದಿಲ್ಲದೆ ವಿಮಾನ ಮರಳಿನ ಮೇಲೆ ನೇರವಾಗಿ ಬಂತು. ಚಕ್ರ ತಾಗಿತು. ಇನ್ನೊಮ್ಮೆ ತಾಗಿತು. ಆಗ ನಾನು ನನ್ನ ಬುದ್ಧಿ ತೋರಿಸಿದೆ. ಇಳಿಯಿತು ಎಂದು ರಿಮೋಟಿನಿಂದ ಕೈ ತೆಗೆದು ಜನರ ಕಡೆ ಬೀಸಿದೆ. ಅಷ್ಟು ಸಾಕಾಯಿತು ಗಾಳಿಗೆ. ಒಂದು ರೆಕ್ಕೆ ಎತ್ತಿ ವಿಮಾನವನ್ನು ಮರಗಳ ಕಡೆಗೆ ಒಯ್ಯಿತು. ಆದರೆ ನಾಲ್ಕು ಮಂದಿ ಯಾರೂ ಹೇಳದೆಯೇ ಒಣಗುತ್ತಿದ್ದ ಬಲೆಯೊಂದನ್ನು ಎತ್ತಿ ಹಿಡಿದು ನಿಂತಿದ್ದರು. ನನ್ನನ್ನು ಅವರು ಅಷ್ಟು ವರ್ಷದಿಂದ ನೋಡಿದ್ದರಲ್ಲ. ವಿಮಾನ ದೊಡ್ಡ ಬಂಗುಡೆಯ ಹಾಗೆ ಬಲೆಯೊಳಗೆ ಹೋಗಿ ಮಲಗಿತು. ಒಂದು ಪಟ್ಟಿಯೂ ಮುರಿಯಲಿಲ್ಲ. ಜನ ಬೊಬ್ಬೆ ಹೊಡೆದರು. ನಾನು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ, ಇಳಿಸಿದವನು ನಾನೇ ಎಂಬ ಹಾಗೆ.

ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ರಿಪೇರಿಗೆ ಬಂದಿದ್ದ ಯಾರದೋ ಟಿ.ವಿ.ಗೆ ಕ್ಯಾಮೆರಾ ಜೋಡಿಸಿದೆ. ಹೆರಿಯಣ್ಣ, ಚಂದ್ರ, ನಾನು ಮೂವರೇ. ಮೊದಲು ಆಕಾಶ, ಆಮೇಲೆ ಕಡಲು, ಮತ್ತೆ ಆಕಾಶ. ಎಲ್ಲ ಕುಣಿಯುತ್ತಿತ್ತು. ನಾನು ಹಾರಿಸಿದ ಮೊದಲ ಸುತ್ತಿನಲ್ಲಿ ಅಳಿವೆಯೇ ಇರಲಿಲ್ಲ, ಬರಿಯ ರೆಕ್ಕೆಯ ತುದಿ ಮತ್ತು ಮೋಡ. ನನಗೆ ನಾಚಿಕೆಯಾಯಿತು. ಆಮೇಲೆ ಹೆರಿಯಣ್ಣ ಮೊದಲ ಸಲ ತಿರುಗಿಸಿ ಎಂದರಲ್ಲ, ಆ ಸುತ್ತು ಬಂತು. ವಿಮಾನ ವಾಲಿದ್ದರಿಂದ ಕ್ಯಾಮೆರಾ ಕೆಳಗೆ ನೆಟ್ಟಗೆ ನೋಡಿತ್ತು. ಅಳಿವೆ ತಟ್ಟೆಯಲ್ಲಿಟ್ಟ ಹಾಗೆ ಕಂಡಿತು. ಮರಳ ದಿಬ್ಬ, ಅದರ ಮೇಲೆ ಬಿಳಿ ನೊರೆ. ನೊರೆಯ ನಡುವೆ, ಉತ್ತರದ ಬದಿಯಲ್ಲಿ, ನೊರೆಯೇ ಇಲ್ಲದ ಹಸಿರು ನೀರಿನ ಅಗಲವಾದ ಪಟ್ಟಿ.

ದಾರಿ ಇತ್ತು. ಯಾರಿಗೂ ಸಂಶಯ ಬರದ ಹಾಗೆ ಇತ್ತು.

ನಾನೇ ಬಾಯಿ ಹಾಕಿದೆ: “ಇದ್ ಸರಿ ಕಾಂತಿಲ್ಲ ಹೆರಿಯಣ್ಣ, ಟಿ.ವಿ. ಹಳ್ತ್, ಬಣ್ಣ ಸರಿ ಇಲ್ಲ…” ಸುಳ್ಳು ಹೇಳುವುದರಲ್ಲಿ ನನ್ನ ಕೈ ಪಳಗಿತ್ತು. ಇನ್ನೊಬ್ಬರಿಗೂ ಒಂದನ್ನು ಒದಗಿಸಿದೆ.

“ಇನ್ನೊಂದ್ ಸಲ ಹಾಕಿ,” ಎಂದರು ಹೆರಿಯಣ್ಣ. ಹಾಕಿದೆ. ಮೂರು ಸಲ ನೋಡಿದರು. ಆಮೇಲೆ ಅಕ್ಕನ ಮಗನ ಕಡೆ ತಿರುಗಿದರು.

“ದಾರಿ ಇತ್ತ್ ಚಂದ್ರ. ಬಡಗಕ್ಕ್ ಸರ್ದಿತ್ತ್. ನಾ ಹೋದ್ದ್ ಹೋದೊರ್ಷದ್ ದಾರೀಲಿ. ಕಣ್ಣ್ ಕಾಣ್ದೆ ಅಲ್ಲ. ಹೊರ್ಗೆ ನಿಂತ್ ಎಣ್ಸುಕಿತ್ತ್. ನೀರ್ ಪೂರಾ ಇಳಿಯುಕ್ ಮೊದ್ಲೇ ಎದ್ರಿಗ್ ಹೊಸ ಇಂಜಿನ್ನಿನ್ ದೋಣಿಯೊಂದ್ ಸರ್ರ ಒಳ್ಗ್ ಹೋಯ್ತ್. ಮುದ್ಕ ಹೆದ್ರಿ ನಿಂತ ಅಂತ್ರ್ ಅಂದೇಳಿ ನುಗ್ಸ್ದೆ. ನಂದೇ ತಪ್ಪ್. ನಿನ್ ಕೈ ಮುರ್ದದ್ ನಾನೇ.”

ಚಂದ್ರ, “ಮಾವ,” ಎಂದ. ಮುರಿಯದ ಕೈಯಿಂದ ಅವರ ತೋಳು ಹಿಡಿದ. ನನಗಂತೂ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಚುಕ್ಕಾಣಿ ಉಳಿಸಿಕೊಳ್ಳಲೆಂದು ತೆಗೆಸಿದ ಚಿತ್ರ ಅದು. ಅವರೇ ತಿರುಗಿಸಿ ಎನ್ನದಿದ್ದರೆ ಆ ಚಿತ್ರವೇ ಇರುತ್ತಿರಲಿಲ್ಲ, ಮರಳು ಕಟ್ಟಿತ್ತು ಎಂದು ಸಾಯುವವರೆಗೂ ಹೇಳಬಹುದಿತ್ತು, ನಾನು ಹೌದು ಎನ್ನುತ್ತಿದ್ದೆ. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ, ವೈರು ಸುತ್ತುತ್ತ ನಿಂತೆ.

ಹೊರಡುವಾಗ ಹೆರಿಯಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟರು. “ನಾ ಹೇಳಿ ಹಗುರ ಆಯ್ತ್. ಇನ್ನ್ ನೀವ್ ಹೇಳಿ ರೇಡಿಯೋದವ್ರೆ. ನಿಮ್ ಇಮಾನ ಇಷ್ಟ್ ಸಲ ಬಿದ್ದದ್ ಎಂತಕೆ?”

ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೆ, ಯಾವ ಮನುಷ್ಯನಾದರೂ ಆ ಹೊತ್ತಿನಲ್ಲಿ ನಿಜ ಹೇಳುತ್ತಿದ್ದ. ನಾನು, “ಗಾಳಿ ಹೆರಿಯಣ್ಣ, ಗಾಳಿ,” ಎಂದೆ.

ಅವರು ಜೋರಾಗಿ ನಕ್ಕರು. “ಅಕ್ಕ್ ಬಿಡಿ,” ಎಂದರು. ಆ ನಗುವಿನಲ್ಲಿ ಬೇಸರವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು.

ಸೋಮವಾರ ಚಂದ್ರನ ದೋಣಿ ಬೇರೆ ತಾಂಡೇಲನ ಕೈಯಲ್ಲಿ ಇಳಿಯಿತು. ಚುಕ್ಕಾಣಿಯನ್ನು ಅವನ ಕೈಗೆ ಕೊಟ್ಟವರು ಹೆರಿಯಣ್ಣನೇ. ಇನ್ನು ಅವರು ಮನೆಯಲ್ಲಿ ಕೂರುತ್ತಾರೆ ಎಂದು ಎಲ್ಲರೂ ತಿಳಿದರು. ಅವರು ಮರುದಿನವೇ ಕೋಡಿಯ ತುದಿಗೆ ಹೋಗಿ ಇಳಿತದ ಹೊತ್ತಿಗೆ ನಿಲ್ಲತೊಡಗಿದರು, ಹೆಗಲಲ್ಲಿ ಮೈ ಒರೆಸುವ ಒಂದು ಕೆಂಪು ಬೈರಾಸು. ದೋಣಿ ಅಳಿವೆಯ ಹೊರಗೆ ಬಂದರೆ ನೀರು ನೋಡಿ, ಅಲೆ ಎಣಿಸಿ, ಬೈರಾಸು ಬೀಸುವರು. ಮೇಲೆತ್ತಿದರೆ ಬನ್ನಿ ಎಂದು, ಅಡ್ಡ ಬೀಸಿದರೆ ತಿರುಗಿಸಿ ಎಂದು. ಮೊದಲ ವಾರ ಕೆಲವರು ನಕ್ಕರು. ಆಮೇಲೆ ಹೊಸ ಇಂಜಿನ್ನಿನವರೂ ಆ ಕೆಂಪು ತುಂಡಿಗೆ ಕಾದು ನಿಂತದ್ದನ್ನು ನಾನು ಕಂಡಿದ್ದೇನೆ. ಐದಾರು ವರ್ಷ ನಿಂತರು. ಅಲ್ಲಿ ನಿಲ್ಲುವ ಬಲ ಇರುವವರೆಗೆ ನಿಂತು, ಆಮೇಲೆ ಒಂದು ಮಳೆಗಾಲದಲ್ಲಿ ಹೋಗಿಬಿಟ್ಟರು.

ನಾನು ವಿಮಾನ ಹಾರಿಸುವುದನ್ನು ಆ ಭಾನುವಾರವೇ ಬಿಟ್ಟೆ. ಕಾರಣ ಕೇಳಿದವರಿಗೆ ಕೋಡಿಯಲ್ಲಿ ಈಗ ಗಾಳಿ ಜಾಸ್ತಿ ಎಂದು ಹೇಳಿಕೊಂಡು ಬಂದಿದ್ದೇನೆ. ವಿಮಾನ ಅಟ್ಟದ ಮೇಲಿದೆ. ಇಡಿಯಾಗಿ ಇಳಿದದ್ದು ಅದೊಂದೇ ಸಲ, ಅದನ್ನು ಮತ್ತೆ ಹಾಳು ಮಾಡುವುದು ಯಾಕೆ?

“ಎಂತ ಹೊಗಿ ಇದ್ದ್? ಎಣ್ಣಿ ಎಂತ ಮಾಡ್ರಿ?”

ಸುಮತಿ ಎಕ್ಕದ ಎಲೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಮಂಡಿಯ ಮೇಲಿತ್ತು. ಸೌಟಿನಲ್ಲಿ ಕಪ್ಪು ಕಿಟ್ಟ ಉಳಿದಿತ್ತು. ನಾನು ಒಲೆ ಆರಿಸಿದೆ. ಕಿಟಕಿ ತೆರೆದಿತ್ತು, ಹೊರಗೆ ತಂತಿಯ ಮೇಲಿನ ಬಟ್ಟೆಗಳು ಹಾರಾಡುತ್ತಿದ್ದವು. ಹೇಳಬೇಕಾದ ಮಾತು ಬಾಯಿಯವರೆಗೆ ಬಂದೇ ಬಿಟ್ಟಿತ್ತು: ಗಾಳಿ ಬಂದು ಉರಿ ಜೋರಾಯಿತು ಮಾರಾಯ್ತಿ. ಎಷ್ಟು ಸುಲಭದ ಮಾತು. ಇಷ್ಟು ವರ್ಷ ಸವೆದ ದಾರಿ. ಆಗ ಕೆಂಪು ಬೈರಾಸು ಅಡ್ಡ ಬೀಸಿದ ಹಾಗಾಯಿತು. ಮಾತನ್ನು ತಿರುಗಿಸಿದೆ.

“ಕಾಗಿ ಕಾಣ್ತಾ ನಿಂತಿದ್ದೆ. ಎಣ್ಣಿ ಮರ್ತ್ ಹೋಯ್ತ್. ನಂದೇ ತಪ್ಪ್,” ಎಂದೆ.

ಸುಮತಿ ಎಲೆಗಳನ್ನು ಕಟ್ಟೆಯ ಮೇಲಿಟ್ಟು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ,” ಎಂದಳು.

ಒಂದು ಬಂದ ಮೇಲೆ ಉಳಿದದ್ದೂ ಬರಲಿ ಎನ್ನಿಸಿತು. “ಆ ಸಿದ್ದಾಪುರದ್ ಬಸ್ಸಿನ್ ದಿನವೂ ಗಾಳಿ ಇರ್ಲಿಲ್ಲ. ಹಪ್ಳದ್ ದಿನವೂ ಇರ್ಲಿಲ್ಲ. ನಂಗ್ ಇಳ್ಸುಕ್ ಬತ್ತಿರ್ಲಿಲ್ಲ, ಅಷ್ಟೇ,” ಎಂದೆ.

ಅವಳು ಬರಿದಾದ ಬಾಟಲಿಯನ್ನು ತೊಳೆದು ಒರೆಸಿ ನನ್ನ ಕೈಗೆ ಕೊಟ್ಟಳು.

“ಅದ್ ನಂಗ್ ಅವತ್ತೇ ಗೊತ್ತಿತ್ತ್. ಹೋಯಿ, ಎಣ್ಣಿ ತಕಂಡ್ ಬನ್ನಿ.”